ಮೂರು ನಗ

ತಿಕೋಟಾದ ದನದ ದವಾಖಾನೆಯಲ್ಲಿ ಅಂಬಾದಾಸ ಒಂಬತ್ತು ವರ್ಷ ಕಂಪೌಂಡರ್ ಆಗಿದ್ದ. ಸಣ್ಣ ಆಳು, ಮೆಲ್ಲಗೆ ಮಾತು. ಎಂಥ ಹಾಯುವ ಎಮ್ಮೆಯಾದರೂ ಅವನು ಬೆನ್ನ ಮೇಲೆ ಕೈಯಿಟ್ಟರೆ ನಿಲ್ಲುತ್ತಿತ್ತು, ಬಾಯಿಗೆ ಬಿದಿರಿನ ಗೊಟ್ಟ ಇಟ್ಟರೆ ಔಷಧ ನುಂಗುತ್ತಿತ್ತು. ಮನುಷ್ಯರ ಎದುರಿಗೆ ಮಾತ್ರ ಅವನಿಗೆ ಅಷ್ಟು ಧೈರ್ಯ ಸಾಲದು. ಹುಡುಗನಾಗಿದ್ದಾಗ ಅವನ ಓಣಿಯ ಮಕ್ಕಳನ್ನು ಶಾಲೆಯ ಒಳಗೆ ಕೂಡಿಸುತ್ತಿರಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಕೂತು, ಕಿಟಕಿಯಿಂದ ಹೊರಗೆ ಬಂದಷ್ಟು ಪಾಠ ಕೇಳಬೇಕು. ಮಾಸ್ತರರು ಒಳಗಿನಿಂದ "ತಿಳೀತೇನ್ರೋ?" ಎಂದಾಗ ಒಳಗಿನವರ ಜೊತೆ ಇವನೂ "ತಿಳೀತ್ರಿ" ಎನ್ನುತ್ತಿದ್ದ. ತಿಳಿಯಲಿಲ್ಲ ಎಂದರೆ ಇನ್ನೊಮ್ಮೆ ಹೇಳುವುದಕ್ಕೆ ಅವರು ಎದ್ದು ಹೊರಗೆ ಬರುತ್ತಾರೆಂಬ ನಂಬಿಕೆ ಅವನಿಗಿರಲಿಲ್ಲ. ಅರ್ಧ ಕೇಳಿ, ಅರ್ಧ ಊಹಿಸಿ, ಅವನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ. ಧಾರವಾಡದಲ್ಲಿ ಹತ್ತು ತಿಂಗಳ ತರಬೇತಿಯನ್ನೂ ಹಾಗೆಯೇ ಮುಗಿಸಿದ. ತಿಳಿಯದಿದ್ದರೂ ಗೋಣು ಹಾಕುವ ಅಭ್ಯಾಸ ಮಾತ್ರ ಹಾಗೇ ಉಳಿದುಬಿಟ್ಟಿತು.

೧೯೬೨ರ ಮೇ ತಿಂಗಳಲ್ಲಿ ಅವನಿಗೆ ಬಬಲೇಶ್ವರಕ್ಕೆ ವರ್ಗವಾಯಿತು. ನೌಕರಿ ಸಿಕ್ಕಾಗ ಅವನೂ ಹೆಂಡತಿ ಸಾವಂತ್ರವ್ವನೂ ತಿಕೋಟಾಕ್ಕೆ ಬಂದದ್ದು ತಲೆಯ ಮೇಲೆ ಒಂದೊಂದು ಗಂಟು ಹೊತ್ತುಕೊಂಡು. ಈಗ ಹಾಗೆ ಹೋಗುವ ಹಾಗಿರಲಿಲ್ಲ. ಸಾವಂತ್ರವ್ವನಿಗೆ ಓದು ಬರಹ ಬರುತ್ತಿರಲಿಲ್ಲವಾದರೂ ಕುಪ್ಪಸ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಮೂರು ವರ್ಷ ದುಡ್ಡು ಕೂಡಿಸಿ ಅವಳು ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ ಕೊಂಡಿದ್ದಳು. ಅದರ ಬೀಡುಕಬ್ಬಿಣದ ಕಾಲುಗಳು ಎತ್ತಿನ ಗಾಡಿಯ ಕುಲುಕಾಟಕ್ಕೆ ಮುರಿದಾವು ಎಂದು ಅವಳಿಗೆ ಭಯ. ಅದಲ್ಲದೆ ಸಾಮಾನು ಸಾಗಿಸಿದ ಕಂಪನಿಯ ಪಾವತಿ ತಂದರೆ ಸರಕಾರದ ಭತ್ಯೆ ಸಿಗುತ್ತದೆ ಎಂದು ಕಚೇರಿಯಲ್ಲಿ ಹೇಳಿದ್ದರು.

ಹೀಗಾಗಿ ಒಂದು ಮಂಗಳವಾರ ಅಂಬಾದಾಸ ವಿಜಾಪುರಕ್ಕೆ ಹೋಗಿ, ಸ್ಟೇಷನ್ ರಸ್ತೆಯಲ್ಲಿದ್ದ ಒಂದು ಲಾರಿ ಕಂಪನಿಯ ಮೆಟ್ಟಿಲು ಹತ್ತಿದ. ಒಳಗೆ ಗಾದಿಯ ಮೇಲೆ ಮುನೀಮ ಈರಯ್ಯ ಕೂತಿದ್ದ. ಹಣೆಗೆ ವಿಭೂತಿ, ಕಿವಿಗೆ ಪೆನ್ಸಿಲು, ಮುಂದೆ ಡೆಸ್ಕು. ಗೋಡೆಗೆ ಹಾರ ಹಾಕಿದ ಫೋಟೋ ಒಂದಿತ್ತು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ "ಮಾಲಕರು: ಬಸಲಿಂಗಯ್ಯ" ಎಂದು ಬರೆದಿತ್ತು.

"ಏನ್ ಬೇಕಾಗಿತ್ರಿ?"

"ಮನಿ ಸಾಮಾನ ಒಯ್ಯೂದೈತ್ರಿ ಅಯ್ಯಾರ. ತಿಕೋಟಾದಿಂದ ಬಬಲೇಶ್ವರಕ್ಕ."

"ಪೂರಾ ಲಾರಿನೋ, ಕಿರಕೋಳನೋ?"

ಪೂರಾ ಲಾರಿ ಎಂದರೆ ಬಹಳ ದುಡ್ಡು ಎಂಬಷ್ಟು ಅಂಬಾದಾಸನಿಗೆ ಹೊಳೆಯಿತು. "ಕಿರಕೋಳನ್ರಿ," ಎಂದ.

"ಹಂಗಾರ ನಿಮ್ಮ ಮಾಲು ಇಲ್ಲಿ ಗುದಾಮಕ್ಕ ಬಂದು, ಬ್ಯಾರೇದವ್ರ ಮಾಲಿನ ಕೂಡ ಮುಂದ ಹೋಗತೈತಿ. ಎತ್ತ ಹಮಾಲಿ, ಇಳಿಸ ಹಮಾಲಿ ಕಂಪನಿದ ಇರಲೇನ್ರಿ? ಮನಿಮಟಾ ಬೇಕೋ, ಊರಮಟಾ ಸಾಕೋ?"

ಪ್ರಶ್ನೆಗಳು ಒಂದರ ಬೆನ್ನಿಗೆ ಒಂದು ಬಂದವು. ಅಂಬಾದಾಸ ಮೊದಲನೆಯದನ್ನು ಬಿಡಿಸಿಕೊಳ್ಳುವುದರೊಳಗೆ ಮೂರನೆಯದು ಎದುರಿಗೆ ನಿಂತಿರುತ್ತಿತ್ತು. ಅವನು ಎಲ್ಲದಕ್ಕೂ "ಹೂನ್ರಿ" ಎಂದ. ಈರಯ್ಯ ತನಗೆ ತಿಳಿದ ಹಾಗೆ ಬರೆದುಕೊಂಡ.

"ಜೋಖಮಿ ಮಾಲಕರದು. ಕಬೂಲ ಏನ್ರಿ?"

ಅಂಬಾದಾಸ ಗೋಡೆಯ ಫೋಟೋ ನೋಡಿದ. ಸಾಮಾನು ಒಡೆದರೆ ಮುರಿದರೆ ಕಂಪನಿಯ ಮಾಲಕರೇ ಜೋಖಮಿ ಹೊರುತ್ತಾರೆಂದರೆ ದೊಡ್ಡ ಮನಸ್ಸಿನವರೇ ಇರಬೇಕು ಅನ್ನಿಸಿತು. "ಕಬೂಲ್ರಿ," ಎಂದ.

"ಭಾಡಿಗಿ ಕ್ವಿಂಟಲಿಗೆ ಒಂದ ರೂಪಾಯಿ ಅರವತ್ತೆಂಟ ನಯಾ ಪೈಸೆ. ವಜನ ಇಲ್ಲೇ ಗುದಾಮದಾಗ ಮಾಡತೇವಿ. ಮತ್ತ… ನಗ ಎಷ್ಟ ಅದಾವ್ರಿ?"

ಅಂಬಾದಾಸ ಬೆಚ್ಚಿದ. ಲಾರಿ ಕಂಪನಿಯವರಿಗೆ ಹೆಂಡತಿಯ ಮೈಮೇಲಿನ ಒಡವೆಯ ಲೆಕ್ಕ ಏಕೆ? ದಾರಿಯಲ್ಲಿ ಕಳ್ಳರ ಭಯವಿದೆಯೋ, ಸರಕಾರದ ಹೊಸ ಕಾಯದೆಯೋ. ಆಣೆ ಹೋಗಿ ಪೈಸೆ ಬಂದು ಐದು ವರ್ಷವಾಗಿತ್ತು, ಆ ವರ್ಷ ಮಣ ಸೇರೂ ಹೋಗಿ ಕಿಲೋ ಬಂದಿತ್ತು. ಇದೂ ಒಂದು ಬಂದಿರಬಹುದು. ಬಾಗಿಲಲ್ಲಿ ಇಬ್ಬರು ಹಮಾಲರು ಬೀಡಿ ಸೇದುತ್ತ ಕೇಳಿಸಿಕೊಳ್ಳುತ್ತಿದ್ದರು. ಅವರ ಎದುರಿಗೆ ಹೇಳುವುದಕ್ಕೆ ಅವನಿಗೆ ನಾಚಿಕೆಯಾಯಿತು. ಆದರೂ ಮನಸ್ಸಿನಲ್ಲೇ ಎಣಿಸಿದ: ತಾಳಿ ಬಿಟ್ಟರೆ ಒಂದು ಬೋರಮಾಳ, ಒಂದು ಜೊತೆ ಕಿವಿಯೋಲೆ, ಒಂದು ನತ್ತು.

"ಮೂರ್ರಿ," ಎಂದ.

"ಬರೇ ಮೂರ?" ಈರಯ್ಯ ಕನ್ನಡಕದ ಮೇಲಿಂದ ನೋಡಿದ. "ಮನಿತನದ ಸಾಮಾನ ಅಂದ್ರಿ?"

ಅಂಬಾದಾಸ ಹಮಾಲರಿಗೆ ಬೆನ್ನು ತಿರುಗಿಸಿ ನಿಂತ. "ಇದ್ದಷ್ಟ ಅವ ಅದಾವ್ರಿ ಅಯ್ಯಾರ. ಪಗಾರದ ಮನಶ್ಯಾ ನಾನು."

"ಇರಲಿ ಬಿಡ್ರಿ, ನಮಗೇನು," ಎಂದು ಈರಯ್ಯ ಕೆಂಪು ಕಾರ್ಬನ್ ಹಾಕಿದ ಪುಸ್ತಕದಲ್ಲಿ ಬಿಲ್ಟಿ, ಎಂದರೆ ಮಾಲು ಸಾಗಿಸುವ ರಸೀದಿ, ಬರೆದು, ಹತ್ತು ರೂಪಾಯಿ ಮುಂಗಡ ಪಡೆದು, ಹಾಳೆ ಹರಿದು ಕೈಗೆ ಕೊಟ್ಟ. ಮಧ್ಯದಲ್ಲಿ ದುಂಡಗೆ ಬರೆದಿತ್ತು: ನಗ ೩.

ಮನೆಗೆ ಬಂದು ಅಂಬಾದಾಸ ಎಲ್ಲವನ್ನೂ ಹೇಳಿದ. ಸಾವಂತ್ರವ್ವ ಬೋರಮಾಳದ ಮೇಲೆ ಕೈಯಿಟ್ಟುಕೊಂಡಳು.

"ಲಾರಿಗೂ ನನ್ನ ಕೊಳ್ಳಾನ ಬೋರಮಾಳಕ್ಕೂ ಏನ ಸಂಬಂಧರಿ?"

"ಗೊತ್ತಿಲ್ಲ. ಕಾಗದದ ಮ್ಯಾಲ ಬರದಾರ ನೋಡು. ವಜನ ಗುದಾಮದಾಗ ಮಾಡತಾರಂತ."

"ನನ್ನ ನಗ ಗುದಾಮದಾಗ ತೂಗತಾರಂತ? ಮೈಮ್ಯಾಲಿಂದ ನಾ ತಗಿಯೂದಿಲ್ಲ ಅಂತ ಹೇಳ್ರಿ ಅವ್ರಿಗೆ."

"ನೀ ಹಾಕ್ಕೊಂಡ ಬಸ್ಸಿನ್ಯಾಗ ಬಾ. ಸುಮ್ಮನಿರೂಣು."

ಅವನಿಗೆ ಅದಕ್ಕಿಂತ ದೊಡ್ಡ ಚಿಂತೆ ಬೇರೆ ಇತ್ತು. ಬಜಾರದ ಅಂಗಡಿಕಾರರು ಮಣಕ್ಕೆ ಹತ್ತಾಣೆ ಭಾಡಿಗೆ ಎಂದಿದ್ದರು. ಕಂಪನಿಯವನು ಒಂದು ರೂಪಾಯಿ ಅರವತ್ತೆಂಟು ಪೈಸೆ ಎನ್ನುತ್ತಾನೆ. ಅವನು ಔಷಧದ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಹಾಕುತ್ತ ಕೂತ. ಹತ್ತಾಣೆಗೆ ಅರವತ್ತೆರಡೂವರೆ ಪೈಸೆ, ಕ್ವಿಂಟಲಿಗೆ ಎರಡು ಮಣ ಇಪ್ಪತ್ತೇಳು ಸೇರು. ಒಮ್ಮೆ ಕಂಪನಿ ಮೋಸ ಮಾಡಿದ ಹಾಗೆ ಬರುತ್ತಿತ್ತು, ಇನ್ನೊಮ್ಮೆ ತಾನೇ ಕಂಪನಿಗೆ ಮೋಸ ಮಾಡಿದ ಹಾಗೆ. ಮೂರನೆಯ ಸಲ ಹಾಕಿದಾಗ ಎರಡೂ ಒಂದೇ ಎಂದು ಬಂತು. ಅದನ್ನು ನಂಬುವುದಕ್ಕೆ ಅವನಿಗೆ ಮನಸ್ಸಾಗಲಿಲ್ಲ.

ರೊಟ್ಟಿ ಬಡಿಯುತ್ತಿದ್ದ ಸಾವಂತ್ರವ್ವ, "ಸಾಮಾನ ಅವ ಅದಾವ, ದಾರಿ ಅದ ಐತಿ. ತೂಗೂ ಕಲ್ಲ ಬದಲ ಮಾಡಿದ್ರ ರೊಕ್ಕ ಯಾಕ ಬದಲಾಗತೈತ್ರಿ?" ಎಂದಳು.

ಗುರುವಾರ ಮುಂಜಾನೆ ಲಾರಿ ಬಂತು. ಚಾಲಕ ಅಬ್ದುಲಗನಿ ದೊಡ್ಡ ಮೀಸೆಯವನು, ಕೆಲಸದಲ್ಲಿ ಅವಸರ. ಬೀಸುಕಲ್ಲಿನ ಎರಡು ಬಿಲ್ಲೆ ಬೇರೆ ಬೇರೆ ಮಾಡಿಸಿದ. ಹೊಲಿಗೆ ಯಂತ್ರದ ತಲೆ ಒಂದು ಕಡೆ, ಕಾಲು ಒಂದು ಕಡೆ ಬಿಚ್ಚಿಸಿದ. ಟ್ರಂಕು, ಹಾಸಿಗೆ ಸುರುಳಿ, ಪಾತ್ರೆಯ ಗೋಣಿ, ಜೋಳದ ಚೀಲ, ಹೊರಸು, ಸಾವಂತ್ರವ್ವನ ತವರಿನ ತಾಮ್ರದ ಹಂಡೆ, ಗಾಜು ಹಾಕಿಸಿದ ಬುದ್ಧನ ಪಟ. ಎಲ್ಲವನ್ನೂ ಏರಿಸಿದ. ಬಿಲ್ಟಿ ತೋರಿಸಲು ಅಂಬಾದಾಸ ಕಿಸೆಗೆ ಕೈ ಹಾಕಿದರೆ, "ಅದು ಮುನೀಮರ ಕೆಲಸ ಡಾಕ್ಟರಸಾಬ, ನಂದು ಹೇರೂದು ಇಳಿಸೂದು ಅಷ್ಟ," ಎಂದು ಗಾಡಿ ಬಿಟ್ಟುಬಿಟ್ಟ. ಗಂಡ ಹೆಂಡತಿ ಒಂದು ಕೈಚೀಲ ಹಿಡಿದುಕೊಂಡು ಬಸ್ಸು ಹತ್ತಿದರು.

ಬಬಲೇಶ್ವರದಲ್ಲಿ ಅವರಿಗೆ ಸಿಕ್ಕ ಮನೆ ಎರಡು ಅಂಕಣದ್ದು. ಅವತ್ತೂ ಮರುದಿನವೂ ಬರಿ ನೆಲದ ಮೇಲೆ ಮಲಗಿದರು. ಶನಿವಾರ ಮಧ್ಯಾಹ್ನ ಕಂಪನಿಯ ಬೇರೊಂದು ಲಾರಿ ಓಣಿಯ ಬಾಯಿಗೆ ಬಂದು ನಿಂತಿತು. ಸಾವಂತ್ರವ್ವ ಓಡಿಹೋದಳು. ಹಮಾಲರು ಬೀಸುಕಲ್ಲಿನ ಕೆಳಗಿನ ಬಿಲ್ಲೆ ಇಳಿಸಿದರು. ಮೇಲಿನ ಬಿಲ್ಲೆ ಇಳಿಸಿದರು. ಬುದ್ಧನ ಪಟ ಇಳಿಸಿದರು. ಆಮೇಲೆ ಹಿಂದಿನ ಹಲಗೆ ಮುಚ್ಚಿ ಸರಪಳಿ ಬಿಗಿದರು.

"ಉಳಿದಿದ್ದರಿ?" ಎಂದ ಅಂಬಾದಾಸ.

"ಉಳಿದಿದ್ದೇನೂ ಇಲ್ರಿ. ಮೂರ ನಗ ಬರದಾರ, ಮೂರೂ ಬಂದಾವ. ಸಹಿ ಹಾಕ್ರಿ," ಎಂದ ಆ ಚಾಲಕ.

"ನಗ ನಮ್ಮ ಹಂತೇಕ ಅದಾವಲ್ರಿ!" ಎಂದಳು ಸಾವಂತ್ರವ್ವ, ಸೆರಗಿನ ಒಳಗೆ ಬೋರಮಾಳ ಮುಚ್ಚಿಕೊಳ್ಳುತ್ತ. "ನಾವ ಕೇಳೂದು ಸಾಮಾನ."

"ನಾನೂ ಅದನ್ನ ಹೇಳಾಕತ್ತೇನೆವ್ವಾ. ನಿಮ್ಮ ನಗ ನಿಮ್ಮ ಹಂತೇಕ ಬಂದಾವ ಅಂದ ಮ್ಯಾಲ ಸಹಿ ಯಾಕ ಇಲ್ಲ?"

ಅವನು ಹೇಳಿದ್ದು ಸರಿಯಾಗಿಯೇ ಇದೆ ಎನ್ನಿಸಿತು ಅಂಬಾದಾಸನಿಗೆ. ಆದರೆ ಎಲ್ಲೋ ತಪ್ಪಿದೆ. ಎಲ್ಲಿ ಎಂದು ಹುಡುಕುವುದರೊಳಗೆ ಚಾಲಕ ಹಾರ್ನು ಹೊಡೆದ. ಅಂಬಾದಾಸ ಸಹಿ ಹಾಕಿಬಿಟ್ಟ.

ಲಾರಿ ಹೋದ ಮೇಲೆ ಇಬ್ಬರೂ ಕಲ್ಲಿನ ಬಿಲ್ಲೆಗಳನ್ನು ಒಳಗೆ ಉರುಳಿಸಿಕೊಂಡು ಬಂದು, ಪಟವನ್ನು ಮೊಳೆಗೆ ಹಾಕಿ ಕೂತರು. ಬೀಸುವುದಕ್ಕೆ ಕಲ್ಲಿತ್ತು, ಜೋಳವಿರಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ರುಕ್ಮವ್ವ ಬಾಗಿಲಿಗೆ ಬಂದಳು. ಗಂಡ ತೀರಿಕೊಂಡು ಒಬ್ಬಳೇ ಇದ್ದ ಮುದುಕಿ, ಮೊರದ ತುಂಬ ಜೋಳ ಹಿಡಿದಿದ್ದಳು.

"ಚಲೋ ಕಲ್ಲ ತಂದೀಯಲ್ಲೇ ಯವ್ವಾ. ನಂದು ಸವದು ನುಣ್ಣಗಾಗೈತಿ. ನಾಕ ಸುತ್ತ ಬೀಸ್ಕೊಳ್ಳಲೇನು?"

ಅವತ್ತು ಸಾವಂತ್ರವ್ವನೂ ರುಕ್ಮವ್ವನೂ ಎದುರು ಬದುರು ಕೂತು ಬೀಸಿದರು. ರಾತ್ರಿಯ ರೊಟ್ಟಿ ರುಕ್ಮವ್ವನ ಒಲೆಯ ಮೇಲೆ ಆಯಿತು. ಮರುದಿನದ್ದೂ ಅಲ್ಲಿಯೇ.

ಸೋಮವಾರ ದವಾಖಾನೆಗೆ ಹಾಜರಾಗಿ, ಮಧ್ಯಾಹ್ನದ ನಂತರ ರಜೆ ಕೇಳಿಕೊಂಡು ಅಂಬಾದಾಸ ಮತ್ತೆ ಸ್ಟೇಷನ್ ರಸ್ತೆಗೆ ಹೋದ. ಗುದಾಮದ ಜಾಲರಿ ಬಾಗಿಲ ಆಚೆ ಅವನಿಗೆ ಮೊದಲು ಕಂಡದ್ದು ಹಂಡೆ. ಅದರ ಪಕ್ಕದಲ್ಲಿ ಹೊಲಿಗೆ ಯಂತ್ರದ ಕಾಲುಗಳು, ತನ್ನ ಹೊರಸು. ಜಾತ್ರೆಯಲ್ಲಿ ಕಳೆದುಹೋದ ಮಕ್ಕಳು ಸಿಕ್ಕ ಹಾಗಾಯಿತು.

"ಅಯ್ಯಾರ, ನಮ್ಮ ಸಾಮಾನ ಇಲ್ಲೇ ಅದಾವ್ರಿ!"

ಈರಯ್ಯ ಪುಸ್ತಕ ತೆಗೆದ. "ನಿಮ್ಮವು ಮೂರ ನಗ. ಶನಿವಾರ ಮುಟ್ಟ್ಯಾವ. ಸಹಿ ಐತಿ ನೋಡ್ರಿ. ಇವು ಎಂಟ ನಗ ಬ್ಯಾರೆ. ಬಿಲ್ಟಿ ಇಲ್ಲ, ವಾರಸದಾರ ಇಲ್ಲ. ಗುರುವಾರದಿಂದ ಗುದಾಮದಾಗ ಬಿದ್ದಾವ. ಮೂರ ದಿನಾ ಮಾಫಿ, ನಿನ್ನಿಯಿಂದ ಗುದಾಮ ಭಾಡಿಗಿ ಸುರು ಆಗೈತಿ."

"ನಗ ನನ್ನ ಹೆಂಡ್ತಿ ಮೈಮ್ಯಾಲ ಅದಾವ್ರಿ ಅಯ್ಯಾರ. ಬೋರಮಾಳ, ಕಿವಿಯೋಲಿ, ನತ್ತು, ಹಿಂಗ ಮೂರು. ಅವನ್ನ ನಾವು ಲಾರಿಗೆ ಹಾಕೇ ಇಲ್ಲ. ನೀವು ಕೇಳಿದ್ರಿ ಅಂತ ಹೇಳಿದ್ನಿ ಅಷ್ಟ."

ಈರಯ್ಯನ ಕೈಯಲ್ಲಿದ್ದ ಪೆನ್ಸಿಲು ನಿಂತಿತು. ಅವನು ಅಂಬಾದಾಸನನ್ನು ನೋಡಿದ, ಬಿಲ್ಟಿ ನೋಡಿದ, ಮತ್ತೆ ಅಂಬಾದಾಸನನ್ನು ನೋಡಿದ.

"ಏನಂದ್ರಿ? ನಗ ಅಂದ್ರ… ಅಯ್ಯ ಶಿವನ! ನಗ ಅಂದ್ರ ಬಂಗಾರಲ್ರೀ! ಗಂಟು, ಪೆಟಿಗಿ, ಚೀಲಾ, ಎಣಿಸೂ ಅಂಥದ್ದು ಒಂದೊಂದೂ ಒಂದೊಂದ ನಗ! ಮೂವತ್ತ ವರ್ಷದಿಂದ ಈ ಗಾದಿ ಮ್ಯಾಲ ಕುಂತೇನಿ, ಯಾರೂ ನನಗ ಹೆಂಡ್ತಿ ಬೋರಮಾಳ ಲೆಕ್ಕಾ ಕೊಟ್ಟಿದ್ದಿಲ್ಲ!"

ಬಾಗಿಲಲ್ಲಿದ್ದ ಹಮಾಲರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂಬಾದಾಸ ನಗಲಿಲ್ಲ. ತನ್ನ ಮನೆಯ ಮಾತಿಗೆ ಈ ಗಾದಿಯ ಮೇಲೆ ಬೇರೊಂದು ಅರ್ಥ ಇರುತ್ತದೆ ಎಂದು ತನಗೆ ಹೇಗೆ ತಿಳಿಯಬೇಕಿತ್ತು? ಅವತ್ತು ಒಂದೇ ಒಂದು ಮಾತು, 'ಯಾಕ್ರಿ ಕೇಳತೀರಿ' ಎಂದಿದ್ದರೆ ಸಾಕಿತ್ತು. ಅದೊಂದು ಬಾಯಿಗೆ ಬಂದಿರಲಿಲ್ಲ.

ಈರಯ್ಯ ಕೆಟ್ಟವನಲ್ಲ. ಆದರೆ ಗುದಾಮದ ಜವಾಬ್ದಾರಿ ಅವನ ಮೇಲಿತ್ತು. "ನಿಮ್ಮ ಮಾತ ನಾ ನಂಬತೇನಿ ಕಂಪೌಂಡರ್ರ. ಖರೇ ನಾಳೆ ಇನ್ನೊಬ್ಬಾಂವ ಬಂದು ಇವು ನನ್ನವು ಅಂದ್ರ ನಾ ಏನ ಹೇಳ್ಲಿ? ಹೇರಿದ ಗನಿಸಾಬ ಸೊಲ್ಲಾಪುರಕ್ಕ ಹೋಗ್ಯಾನ, ಶುಕ್ರವಾರ ಬರತಾನ. ಅಲ್ಲಿತನಕ ತಡಿತೀರೋ? ಇಲ್ಲಾಂದ್ರ ಟ್ರಂಕಿನ್ಯಾಗ ಏನೇನ ಐತಿ ಹೇಳ್ರಿ, ತಗದ ನೋಡೂಣು."

ಅಂಬಾದಾಸ ಯೋಚಿಸಿದ. "ಸೀರಿ ಇರಬೇಕ್ರಿ… ನನ್ನ ಕೋಟು…" ಎಂದ. ಕೋಟು ಗಂಟಿನಲ್ಲಿ ಕಟ್ಟಿದ್ದಳೋ ಟ್ರಂಕಿನಲ್ಲಿಟ್ಟಿದ್ದಳೋ ನೆನಪಾಗಲಿಲ್ಲ. ಸೀರೆಗಳ ಬಣ್ಣ ಕೇಳಿದರೆ ಹೇಳಲು ಬರಲಿಲ್ಲ. ಒಂಬತ್ತು ವರ್ಷ ಅದೇ ಟ್ರಂಕಿನ ಪಕ್ಕದಲ್ಲಿ ಮಲಗಿದ್ದರೂ ಅದರ ಒಳಗೆ ಏನಿದೆಯೆಂದು ಅವನು ನೋಡಿಯೇ ಇರಲಿಲ್ಲ. ಕೀಲಿಯೂ ಸಾವಂತ್ರವ್ವನ ಸೆರಗಿನಲ್ಲಿತ್ತು.

ಸಂಜೆಯ ಬಸ್ಸಿಗೆ ತಿರುಗಿ ಬಂದು ಹೆಂಡತಿಗೆ ಹೇಳಿದಾಗ ಅವಳು ಮೊದಲು ಸಿಟ್ಟಿಗೆದ್ದಳು. ಆಮೇಲೆ ನಗು ಬಂತು. ಹಮಾಲರ ಎದುರಿಗೆ ಗಂಡ ತನ್ನ ನತ್ತನ್ನೂ ಎಣಿಸಿದ್ದು ನೆನೆಸಿಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ನಾಳೆ ನಾನೂ ಬರತೇನಿ," ಎಂದಳು.

ಮಂಗಳವಾರ ಅವಳು ಗಾದಿಯ ಎದುರಿಗೆ ನಿಂತು, ಈರಯ್ಯ ಕೇಳುವ ಮೊದಲೇ ಹೇಳತೊಡಗಿದಳು. ಪಾತ್ರೆಯ ಗೋಣಿಯಲ್ಲಿ ಹಿಡಿಕೆ ಹೋದ ಒಂದು ಸವಟು ಇದೆ. ಜೋಳದ ಚೀಲಕ್ಕೆ ಹಸಿರು ದಾರದಿಂದ ಹೊಲಿಗೆ ಹಾಕಿದ್ದೇನೆ. ಹಾಸಿಗೆ ಸುರುಳಿಯ ನಡುವೆ ಇವರ ಕೋಟು ಇದೆ, ಅದಕ್ಕೆ ಎರಡನೆಯ ಗುಂಡಿ ಇಲ್ಲ. ಹಮಾಲ ಒಂದೊಂದನ್ನೇ ಬಿಚ್ಚಿ ತೋರಿಸಿದ. ಎಲ್ಲವೂ ಹೇಳಿದಂತೆಯೇ ಇತ್ತು.

"ಟ್ರಂಕು?" ಎಂದ ಈರಯ್ಯ.

"ಮ್ಯಾಲ ಎರಡ ಇಲಕಲ್ಲ ಸೀರಿ, ಒಂದ ಮಾವಿನ ಬಣ್ಣದ್ದು, ಒಂದ ಕಪ್ಪ. ಅದರ ಕೆಳಗ ಊರ ಹೆಣ್ಮಕ್ಕಳ ಕುಪ್ಪಸದ ಅಳತಿ ಬಟ್ಟಿ. ತಳದಾಗ ಒಂದ ಬಿಸ್ಕೀಟ ಡಬ್ಬಿ. ಅದರಾಗ…" ಅವಳು ಗಂಡನ ಕಡೆ ನೋಡಲಿಲ್ಲ. "ಹದಿನಾಕ ಕಾರ್ಡ ಅದಾವ್ರಿ. ಇವ್ರು ಧಾರವಾಡದಿಂದ ಬರದಿದ್ದು."

ಅಂಬಾದಾಸ ತಬ್ಬಿಬ್ಬಾದ. ಆ ಕಾರ್ಡುಗಳನ್ನು ಅವನು ಮರೆತೇಬಿಟ್ಟಿದ್ದ. ಅವಳಿಗೆ ಓದಲು ಬರುತ್ತಿರಲಿಲ್ಲ. ಆಗ ಯಾರಿಂದಲೋ ಓದಿಸಿಕೊಂಡಿದ್ದಳು, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದ.

ಕೀಲಿ ತೆಗೆದು, ಸೀರೆ ಬಟ್ಟೆ ಸರಿಸಿ, ಡಬ್ಬಿ ಹೊರಗೆ ತೆಗೆದರು. ಈರಯ್ಯ ಕಾರ್ಡು ಎಣಿಸಿದ. ಹದಿನಾಲ್ಕು. ವಿಳಾಸ ನೋಡಿದ: ಸೌಭಾಗ್ಯವತಿ ಸಾವಂತ್ರವ್ವ, ಗಂಡನ ಹೆಸರು ಅಂಬಾದಾಸ. ಖಾತ್ರಿಗೆಂದು ಹಿಂಬದಿ ತಿರುಗಿಸಿ, ಬಿಲ್ಟಿ ಓದುವ ದನಿಯಲ್ಲೇ ಗಟ್ಟಿಯಾಗಿ ಓದಿದ:

"ಇಲ್ಲಿ ಊಟ ಸಪ್ಪಗೆ ಇರುತ್ತದೆ. ನಿನ್ನ ಕೈಯ ಶೇಂಗಾ ಚಟ್ನಿ ದಿನಾ ನೆನಪಾಗುತ್ತದೆ. ಇಂದು ಕುದುರೆಯ ಹಲ್ಲು ನೋಡಿ ವಯಸ್ಸು ಹೇಳುವುದನ್ನು ಕಲಿಸಿದರು. ನನಗೆ ಸರಿಯಾಗಿ ತಿಳಿಯಲಿಲ್ಲ. ಯಾರಿಗೂ ಹೇಳಬೇಡ."

ಹಮಾಲರು ಈ ಸಲ ನಗಲಿಲ್ಲ. ಅಂಬಾದಾಸ ತನ್ನ ಚಪ್ಪಲಿಯನ್ನು ನೋಡುತ್ತ ನಿಂತ. ನಾಚಿಕೆಪಡಬೇಕೋ, ಹೆಂಡತಿಯ ಮೇಲೆ ಸಿಟ್ಟು ಮಾಡಬೇಕೋ, ಸಂತೋಷಪಡಬೇಕೋ, ಒಂದೂ ಗೊತ್ತಾಗಲಿಲ್ಲ.

"ಸಾಕು, ನಿಮ್ಮವ," ಎಂದು ಈರಯ್ಯ ಕಾರ್ಡುಗಳನ್ನು ಡಬ್ಬಿಗೆ ಹಾಕಲು ಹೋದ.

"ಎಣ್ಣಿ ಕಲಿ ಬಿದ್ದದ್ದು ಒಂದ ಐತಲ್ರಿ ಅಯ್ಯಾರ, ಅದೊಂದ ಓದ್ರಿ," ಎಂದಳು ಸಾವಂತ್ರವ್ವ. "ಅದನ್ನ ಓದಿ ಹೇಳೂವ್ರು ಆಗ ಯಾರೂ ಸಿಕ್ಕಿದ್ದಿಲ್ಲ. ಇವ್ರನ್ನ ಕೇಳಾಕ ನಾಚಿಕಿ ಬರತಿತ್ತು."

ಈರಯ್ಯ ಕನ್ನಡಕ ಒರೆಸಿಕೊಂಡು ಅದನ್ನೂ ಓದಿದ. ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಮಳೆ ಬಂತೇ, ಕರು ಹೇಗಿದೆ, ಬರುವಾಗ ಏನು ತರಲಿ ಎಂದಿತ್ತು.

ಆಮೇಲೆ ಈರಯ್ಯ ಹೊಸ ಬಿಲ್ಟಿ ಬರೆಯಲು ಕೂತ. ಈ ಸಲ ಸಾವಂತ್ರವ್ವ ಡೆಸ್ಕಿನ ಮುಂದೆಯೇ ನೆಲಕ್ಕೆ ಕೂತಳು. ಒಂದೊಂದು ಮಾತನ್ನೂ ಬಿಡಿಸಿ ಕೇಳದೆ ಮುಂದೆ ಹೋಗಗೊಡಲಿಲ್ಲ. ಎತ್ತ ಹಮಾಲಿ ಎಂದರೆ ಲಾರಿಗೆ ಏರಿಸಿದವರ ಕೂಲಿ, ಇಳಿಸ ಹಮಾಲಿ ಎಂದರೆ ಕೆಳಗಿಳಿಸಿದವರದು. ಅದಕ್ಕೆ ಅವಳು ಒಪ್ಪಿದಳು, ದುಡಿದವರಿಗೆ ಕೊಡಲೇಬೇಕು. ಮನಿಮಟಾ ಎಂದರೆ ಓಣಿಯ ಬಾಯಿಯೋ, ಮನೆಯ ಹೊಸ್ತಿಲೋ? ಈರಯ್ಯ ತಲೆ ಕೆರೆದುಕೊಂಡ. ಹಾಗೆ ಅವನನ್ನು ಯಾರೂ ಕೇಳಿರಲಿಲ್ಲ. "ಹೊಸ್ತಲಾ ಅಂತ ಬರೀತೇನಿ ಬಿಡವ್ವಾ," ಎಂದ.

"ಗುದಾಮ ಭಾಡಿಗಿ ಮೂರ ದಿನದ್ದು, ಎಂಟ ನಗಕ್ಕ, ದಿನಕ್ಕ ಹತ್ತತ್ತ ಪೈಸೆ. ಎರಡ ರೂಪಾಯಿ ನಾಲ್ವತ್ತ."

"ಅದ್ಯಾಕ್ರಿ? ನೀವೊಂದ ಅಂದ್ರಿ, ಇವ್ರೊಂದ ತಿಳಕೊಂಡ್ರು. ತಪ್ಪಿದ್ದು ಮಾತು. ಸಾಮಾನ ಏನ ತಪ್ಪ ಮಾಡ್ಯಾವ?"

"ನಾ ಏನ ತಪ್ಪ ಕೇಳೇನವ್ವಾ?"

"ನೀವೂ ತಪ್ಪ ಕೇಳಿಲ್ಲ, ಇವ್ರೂ ಸುಳ್ಳ ಹೇಳಿಲ್ಲ. ಮೂರ ಅಂದಾಗ ನಿಮಗೂ ಸಂಶೆ ಬಂದಿತ್ತಲ್ಲ? ಬಿಡಿಸಿ ಕೇಳಬೇಕಿತ್ತ ಹೌದಲ್ರಿ?"

ಈರಯ್ಯ ಬರೆದಿದ್ದ ಅಂಕಿಯ ಮೇಲೆ ಗೀಟು ಎಳೆದ. "ಅರ್ಧಾ ಬಿಟ್ಟೆ," ಎಂದ. ಅರ್ಧ ತಪ್ಪು ತಮ್ಮದೂ ಹೌದು ಎಂದು ಸಾವಂತ್ರವ್ವ ಆ ಅರ್ಧಕ್ಕೆ ತಕರಾರು ಮಾಡಲಿಲ್ಲ.

ಆಗ ಅಂಬಾದಾಸನಿಗೆ ಹಂಡೆ ನೆನಪಾಯಿತು. 'ಯಾಕ್ರಿ' ಎಂದು ಕೇಳುವುದನ್ನು ಇವತ್ತೇ ರೂಢಿ ಮಾಡಿಕೊಳ್ಳಬೇಕು ಎಂದುಕೊಂಡು ಗಂಟಲು ಸರಿಮಾಡಿಕೊಂಡ. "ಅಯ್ಯಾರ, ಹಂಡೆ ಒಂದ ಮಗ್ಗಲಾ ನೆಗ್ಗೈತಿ. ಜೋಖಮಿ ಮಾಲಕರದು ಅಂದಿದ್ರಿ. ಬಸಲಿಂಗಯ್ಯನವ್ರು ಯಾವಾಗ ಕೊಡತಾರ್ರಿ?"

ಈರಯ್ಯ ಗೋಡೆಯ ಫೋಟೋ ನೋಡಿದ, ಅಂಬಾದಾಸನನ್ನು ನೋಡಿದ. ಈ ಸಲ ಅವನಿಗೂ ನಗು ತಡೆಯಲಾಗಲಿಲ್ಲ. "ಮಾಲಕ ಅಂದ್ರ ಕಂಪನಿ ಮಾಲಕರಲ್ರಿ ಕಂಪೌಂಡರ್ರ. ಮಾಲಿನ ಮಾಲಕ. ಅಂದ್ರ ನೀವು. ನೆಗ್ಗಲಿ, ಒಡೀಲಿ, ಅದು ನಿಮ್ಮ ಜೋಖಮಿ. ಜಾಸ್ತಿ ರೊಕ್ಕ ತುಂಬಿದ್ರ ಕಂಪನಿ ಹೊರತಿತ್ತು."

"ನಾನ?"

"ನೀವ. ಬಿಲ್ಟಿ ಮ್ಯಾಲ ಬರದೈತಿ ನೋಡ್ರಿ. ಮಾಲಕ, ಶ್ರೀ ಅಂಬಾದಾಸ."

ಬರೆದಿತ್ತು. ಹೋದ ಮಂಗಳವಾರದಿಂದ ಆ ಕಾಗದ ಅವನ ಕಿಸೆಯಲ್ಲೇ ಇತ್ತು, ಆ ಸಾಲನ್ನು ಅವನು ಓದಿರಲಿಲ್ಲ. ಅವನ ಅಪ್ಪ ಒಂದು ಕುರಿಗೂ ಮಾಲಕ ಎಂದು ಯಾರ ಕಾಗದದಲ್ಲೂ ಬರೆಸಿಕೊಂಡವನಲ್ಲ. ನೆಗ್ಗಿದ ಹಂಡೆಯ ನಷ್ಟವನ್ನು ತಾನೇ ಹೊರಬೇಕು ಎಂಬುದಕ್ಕೆ ಬೇಸರವಾಯಿತೋ, ಆ ಮಾತಿಗೆ ಎದೆ ಸ್ವಲ್ಪ ಹಿಗ್ಗಿತೋ, ಅವನಿಗೇ ಬಗೆಹರಿಯಲಿಲ್ಲ. ಬಸ್ಸಿನ ರೊಕ್ಕ ಉಳಿಯಲಿ ಎಂದು ಈರಯ್ಯ ಇಬ್ಬರನ್ನೂ ಸಾಮಾನಿನ ಲಾರಿಯಲ್ಲೇ ಕೂಡಿಸಿ ಕಳಿಸಿದ. ಸಾಮಾನು ಹೊಸ್ತಿಲ ತನಕ ಬಂತು.

ವಾರ ಕಳೆಯುವುದರೊಳಗೆ ಸಾವಂತ್ರವ್ವನ ಯಂತ್ರ ಓಡತೊಡಗಿತು. ಮೊದಲ ಕುಪ್ಪಸ ರುಕ್ಮವ್ವನದು. ಅಂಬಾದಾಸ ದವಾಖಾನೆಯಲ್ಲಿ ಔಷಧ ಕೊಡುವ ಕಿಟಕಿಯ ಹಿಂದೆ ಕೂತ. ಒಂದು ದಿನ ಸಿದ್ದರಾಯ ಎಂಬ ರೈತ ಮೇವು ಬಿಟ್ಟ ಎತ್ತು ಹೊಡೆದುಕೊಂಡು ಬಂದಿದ್ದ. ಡಾಕ್ಟರು ನೋಡಿ ಚೀಟಿ ಬರೆದರು. ಅಂಬಾದಾಸ ಎಂದಿನಂತೆ, "ಎರಡ ಡ್ರಾಮ್ ಪುಡಿ ನೀರಾಗ ಕಲಿಸಿ ದಿನಕ್ಕ ಎರಡ ಸರ್ತಿ ಹಾಕ್ರಿ," ಎಂದು ಪೊಟ್ಟಣ ಮುಂದೆ ಮಾಡಿದ. ಸಿದ್ದರಾಯ ಗೋಣು ಹಾಕಿ ಹೊರಟ.

ಅಂಬಾದಾಸನಿಗೆ ಆ ಗೋಣು ಹಾಕಿದ ರೀತಿ ಸರಿ ಕಾಣಲಿಲ್ಲ. "ಇಲ್ಲಿ ಬರ್ರಿ. ಎಷ್ಟ ಹಾಕತೀರಿ, ಹೆಂಗ ಹಾಕತೀರಿ, ನನಗ ಹೇಳ್ರಿ ನೋಡೂಣು."

ಸಿದ್ದರಾಯ ಪೇಟದೊಳಗೆ ಬೆರಳು ಹಾಕಿ ತಲೆ ಕೆರೆದ. "ಎರಡ ಡ್ರಮ್ಮ ನೀರ ಬೇಕಂದ್ರೆಲ್ಲರಿ ಸಾಹೇಬ್ರ. ನಮ್ಮನ್ಯಾಗ ಒಂದ ಡ್ರಮ್ಮ ಐತಿ. ಇನ್ನೊಂದು ಗೌಡ್ರ ಮನ್ಯಾಗಿಂದ ಕೇಳಿ ತರತೇನಿ. ಅಷ್ಟ ನೀರ ಎತ್ತ ಕುಡೀತೈತೋ ಇಲ್ಲೋ ಗೊತ್ತಿಲ್ರಿ."

ಸಾಲಿನಲ್ಲಿದ್ದವರು ನಕ್ಕರು. ಅಂಬಾದಾಸ ಕೈಯಲ್ಲಿದ್ದ ಮುಂದಿನ ಚೀಟಿ ಕೆಳಗಿಟ್ಟ. ತಿಕೋಟಾದಲ್ಲಿ ಒಂಬತ್ತು ವರ್ಷ ಇದೇ ಮಾತು ಹೇಳಿ ತಾನು ಎಷ್ಟು ಜನರನ್ನು ಕಳಿಸಿರಬಹುದು? ಅವರೆಲ್ಲ ಮನೆಗೆ ಹೋಗಿ ಏನು ಮಾಡಿದರು? ಬದುಕಿದ ದನಗಳು ಔಷಧದಿಂದ ಬದುಕಿದವೋ, ತಮ್ಮಷ್ಟಕ್ಕೆ ತಾವೇ ಬದುಕಿದವೋ?

ಅವನು ಪೊಟ್ಟಣ ತಿರುಗಿ ಪಡೆದು, ಪುಡಿಯನ್ನು ತಕ್ಕಡಿಯಲ್ಲಿ ಎರಡೆರಡು ಡ್ರಾಮಿನಂತೆ, ಎಂದರೆ ಸುಮಾರು ಎಂಟೆಂಟು ಗ್ರಾಂ ತೂಗಿ, ಆರು ಚೀಟಿಗಳಲ್ಲಿ ಕಟ್ಟಿದ. ಒಂದು ಚೀಟಿ ಬೆಳಿಗ್ಗೆ, ಒಂದು ಸಂಜೆ, ಒಂದು ತಂಬಿಗೆ ನೀರು, ಹೀಗೆ ಕೈಯಿಂದ ಮಾಡಿ ತೋರಿಸಿದ. ಎತ್ತಿನ ಬಾಯಿಗೆ ಗೊಟ್ಟ ಹೇಗಿಡಬೇಕೆಂದು ಹೊರಗೆ ಹೋಗಿ ತೋರಿಸಿ ಬಂದ. ಅದನ್ನು ನೋಡಿ ಸಾಲಿನಲ್ಲಿದ್ದ ಒಬ್ಬ ತನ್ನ ಹಳೆಯ ಪೊಟ್ಟಣ ತೆಗೆದು, ಇದನ್ನು ಹೇಗೆ ಹಾಕುವುದು ಎಂದು ಕೇಳಿದ. ಅವನ ಹಿಂದಿನವನೂ ಕೇಳಿದ. ಸಾಲು ಅಂಗಳದ ಬೇವಿನ ಮರದ ತನಕ ಬೆಳೆಯಿತು. ಒಳಗಿನಿಂದ ಡಾಕ್ಟರು ಎದ್ದು ಬಂದು, "ಏನ್ರಿ ಅಂಬಾದಾಸ, ಇವತ್ತ ಕೆಲಸ ಯಾಕಿಷ್ಟ ಸಾವಕಾಶ ನಡದೈತಿ?" ಎಂದರು.

ಅಂಬಾದಾಸ ಡಾಕ್ಟರ ಮುಖ ನೋಡಿದ, ಸಾಲಿನಲ್ಲಿ ನಿಂತ ಜನರ ಮುಖ ನೋಡಿದ. ಆಮೇಲೆ ತಕ್ಕಡಿಯ ತಟ್ಟೆ ಒರೆಸಿ, ಮುಂದಿನವನ ಚೀಟಿಗೆ ಕೈ ಚಾಚಿದ.